ಏನೂ ಆಗದ 90 ನಿಮಿಷ

(ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವರು ಮತ್ತು ಪೋಷಕರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ಈ ಮೈಕ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ. ನೀವು ಕೊನೆಯದಾಗಿ ನೋಡಿದ ಮ್ಯಾಚ್ ನೆನಪಿಸಿಕೊಳ್ಳಿ. ಗೋಲ್ ಹೊಡೆದವರ ಹೆಸರು ಥಟ್ ಅಂತ ಬಾಯಿಗೆ ಬರುತ್ತದೆ. ಈಗ ಗೆದ್ದ ತಂಡದ ಸ್ಟಾಪರ್, ಅಂದರೆ ತನ್ನ ಗೋಲಿನ ಮುಂದೆ ನಡುವಲ್ಲಿ ನಿಂತು ಎದುರಾಳಿಯನ್ನು ತಡೆಯುವವನು, ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಹೇಳಿ ನೋಡೋಣ. ಯಾರೂ ಇಲ್ಲವಾ? ಸರಿ, ಅವನು ಮಾಡಿದ ಒಂದು ತಪ್ಪು ಹೇಳಿ. ನೋಡಿ, ನಾಲ್ಕು ಕೈ ಮೇಲೆದ್ದವು.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿದ್ದು ಇದನ್ನೇ. ಚೆನ್ನಾಗಿ ಆಡುವ ಒಬ್ಬ ಡಿಫೆಂಡರ್ ಹುಡುಗ ನಿಮ್ಮ ಬಳಿ ಇದ್ದಾನೆ. ಅವನು ಬೆಳೆಯುತ್ತಿದ್ದಾನಾ, ನಿಂತಲ್ಲೇ ನಿಂತಿದ್ದಾನಾ ಅಂತ ಹೇಗೆ ಹೇಳುತ್ತೀರಿ?

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಒಂದು ನಾಚಿಕೆಯ ಪ್ರಸಂಗದಿಂದ. ಶನಿವಾರ, ಭಾನುವಾರ ನಾನು 13ರಿಂದ 15 ವರ್ಷದ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ವರ್ಷದ ಕೊನೆಗೆ ಪ್ರತಿ ಹುಡುಗನ ಬಗ್ಗೆ ಒಂದು ಹಾಳೆ ಬರೆದು ಮನೆಯವರಿಗೆ ಕೊಡುವ ಪದ್ಧತಿ ಇದೆ. ಫಾರ್ವರ್ಡ್ ಆಡುವವರದ್ದು ಸಲೀಸು. ಇಷ್ಟು ಗೋಲ್, ಎಡಗಾಲು ಸುಧಾರಿಸಿದೆ, ಮುಗಿಯಿತು. ಒಂದು ಸಲ ಒಬ್ಬ ಸ್ಟಾಪರ್ ಹುಡುಗನ ತಂದೆ ಹಾಳೆ ಓದಿದರು, ಮಡಚಿದರು, ಜೇಬಿನಿಂದ ಹಳೆಯ ಎರಡು ಹಾಳೆ ತೆಗೆದು ಪಕ್ಕಪಕ್ಕ ಇಟ್ಟರು. "ಸಾರ್, ಹೋದ ವರ್ಷವೂ ಇದನ್ನೇ ಬರೆದಿದ್ರಿ. ಅದರ ಹಿಂದಿನ ವರ್ಷವೂ ಇದೇ." ಚೆನ್ನಾಗಿ ಆಡುತ್ತಾನೆ, ಗಮನ ಹೆಚ್ಚಬೇಕು. ಮೂರು ವರ್ಷ, ಒಂದೇ ಸಾಲು. ಅವರು ಜಗಳಕ್ಕೇನೂ ಬಂದಿರಲಿಲ್ಲ, ಸುಮ್ನೆ ತೋರಿಸಿದರು ಅಷ್ಟೆ. ಮೂರು ವರ್ಷ ಆ ಹುಡುಗ ನನ್ನ ಕಣ್ಣ ಮುಂದೆಯೇ ಇದ್ದ, ನಾನು ಚೆಂಡನ್ನು ನೋಡುತ್ತಿದ್ದೆ.

ಆಮೇಲೆ ಒಬ್ಬ ದೊಡ್ಡ ಆಟಗಾರನನ್ನು ಹಿಡಿದುಕೊಂಡು ಕೂತೆ. ಅವನು ಬೆಳೆದ ದಾರಿಯನ್ನು ಮೊದಲಿಂದ ನೋಡಿದರೆ ನನಗೇನಾದರೂ ಹೊಳೆಯಬಹುದು ಅಂತ. ವಿಲಿಯಂ ಸಲಿಬಾ. ರಾತ್ರಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡುವ ಹುಡುಗರಿಗೆ ಪರಿಚಯ ಬೇಕಿಲ್ಲ. ಅವರನ್ನು ಬೆಳಿಗ್ಗೆ ಎಬ್ಬಿಸುವ ಅಪ್ಪ ಅಮ್ಮಂದಿರಿಗಾಗಿ ಹೇಳುತ್ತೇನೆ. ಲಂಡನ್ನಿನ ಆರ್ಸೆನಲ್ ತಂಡದ ಸೆಂಟರ್ ಬ್ಯಾಕ್, ಅಂದರೆ ನಾವು ಸ್ಟಾಪರ್ ಅನ್ನುವ ಜಾಗ, ಫ್ರಾನ್ಸ್ ದೇಶದವನು, 2001ರ ಮಾರ್ಚ್‌ನಲ್ಲಿ ಹುಟ್ಟಿದವನು. ಪ್ಯಾರಿಸ್ ಪಕ್ಕದ ಬೊಂಡಿ ಅವನ ಊರು. ಕಿಲಿಯನ್ ಎಂಬಾಪೆ ಊರೂ ಅದೇ. ಎಂಬಾಪೆಯ ತಂದೆ ವಿಲ್‌ಫ್ರಿಡ್ ಅಲ್ಲಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಕೋಚ್ ಆಗಿದ್ದರು, ಚಿಕ್ಕ ಸಲಿಬಾ ಕಲಿತದ್ದು ಅವರ ಕೈಕೆಳಗೇ. 15ನೇ ವಯಸ್ಸಿಗೆ ಸಾಂಟೆಟಿಯೆನ್ ಕ್ಲಬ್ಬಿನ ಅಕಾಡೆಮಿಗೆ ಹೋದ. 17 ತುಂಬಿದ ಮೇಲೆ, 2018ರ ಸೆಪ್ಟೆಂಬರ್‌ನಲ್ಲಿ, ದೊಡ್ಡವರ ತಂಡದಲ್ಲಿ ಮೊದಲ ಮ್ಯಾಚ್ ಆಡಿದ.

ಆ ಸೀಸನ್‌ನಲ್ಲಿ ಅವನು ಲೀಗ್‌ನಲ್ಲಿ ಆಡಿದ್ದು 16 ಮ್ಯಾಚ್. ಅಷ್ಟಕ್ಕೇ 2019ರ ಜುಲೈನಲ್ಲಿ ಆರ್ಸೆನಲ್ ಸುಮಾರು 2.7 ಕೋಟಿ ಪೌಂಡ್ ಕೊಟ್ಟು ಅವನನ್ನು ಕೊಂಡಿತು. ಕೊಂಡು, ಇನ್ನೊಂದು ವರ್ಷ ಅಲ್ಲೇ ಆಡಿಕೊಂಡಿರು ಅಂತ ಹಳೆಯ ಕ್ಲಬ್ಬಿಗೇ ಲೋನ್ ಮೇಲೆ ಬಿಟ್ಟಿತು. ಮರದ ಮೇಲಿರುವ ಮಾವಿನಕಾಯಿಗೆ ದುಡ್ಡು ಕೊಟ್ಟು, ಹಣ್ಣಾಗಲಿ ಅಂತ ಅಲ್ಲೇ ಬಿಟ್ಟು ಬಂದ ಹಾಗೆ.

ಆ ವಯಸ್ಸಿನ ಅವನ ಆಟ ನೋಡಿದರೆ ಎದ್ದು ಕಾಣುವುದು ಒಂದೇ. ಅವನಿಗೆ ಆತುರ ಇಲ್ಲ. ಆರಡಿಗೂ ಮೀರಿದ ಎತ್ತರ, ಓಟದಲ್ಲಿ ವೇಗ ಇದೆ, ಆದರೆ ಓಡುವುದೇ ಅಪರೂಪ. ಸ್ಟ್ರೈಕರ್ ಪಕ್ಕದಲ್ಲಿ ವಾಕಿಂಗ್ ಬಂದವನ ಹಾಗೆ ಇರುತ್ತಾನೆ. ಕೊನೇ ಕ್ಷಣಕ್ಕೆ ಕಾಲು ಚಾಚಿ ಚೆಂಡು ತೆಗೆದುಕೊಂಡು ಹೋಗಿಬಿಡುತ್ತಾನೆ.

ಇಲ್ಲೇ ನೋಡಿ ಕಷ್ಟ ಇರುವುದು. 17 ವರ್ಷದ ಹುಡುಗ ನಿಧಾನವಾಗಿ ನಡೆಯುತ್ತಿದ್ದಾನೆ. ಮುಂದೇನಾಗುತ್ತದೆ ಅಂತ ಗೊತ್ತಿರುವುದರಿಂದ ನಡೆಯುತ್ತಿದ್ದಾನಾ, ಏನಾಗುತ್ತಿದೆ ಅಂತ ಗೊತ್ತೇ ಇಲ್ಲದೆ ನಡೆಯುತ್ತಿದ್ದಾನಾ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಮೈದಾನದಲ್ಲಾದರೆ ಇಂಥ ಹುಡುಗನಿಗೆ ನಾವು ಮೊದಲು ಹೇಳುವ ಮಾತು, "ಏಯ್, ಕಾಲು ಎತ್ತಿ ಹಾಕೋ!" ನಾನೂ ಎಷ್ಟೋ ಸಲ ಕೂಗಿದ್ದೇನೆ. ಮೈ ಕೈಯೆಲ್ಲ ಮಣ್ಣು ಮಾಡಿಕೊಂಡು, ಜಾರಿ ಬಿದ್ದು ಟ್ಯಾಕಲ್ ಮಾಡುವ, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಹುಡುಗನಿಗೆ ಶಭಾಷ್ ಅಂದಿದ್ದೇನೆ. ಆ ಹುಡುಗ ಯಾಕೆ ಪದೇಪದೇ ಜಾರಿ ಬೀಳಬೇಕಾಗಿ ಬರುತ್ತಿದೆ ಅಂತ ಕೇಳಿಕೊಂಡಿರಲಿಲ್ಲ. ಹೆಚ್ಚಿನ ಸಲ ಉತ್ತರ ಒಂದೇ: ಎರಡು ಸೆಕೆಂಡ್ ಮುಂಚೆ ಅವನು ತಪ್ಪು ಜಾಗದಲ್ಲಿ ನಿಂತಿದ್ದ.

ಈ ಮಾತಿಗೆ ನನಗೆ ಯಾವಾಗಲೂ ನೆನಪಾಗುವವನು ಫಿಲ್ ಜೋನ್ಸ್. 2011ರಲ್ಲಿ 19ರ ವಯಸ್ಸಿಗೆ ಬ್ಲ್ಯಾಕ್‌ಬರ್ನ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ. 2013ರಲ್ಲಿ ಯುನೈಟೆಡ್‌ನ ಕೋಚ್ ಅಲೆಕ್ಸ್ ಫರ್ಗುಸನ್, ಈ ಹುಡುಗ ಹೀಗೇ ಬೆಳೆದರೆ ಕ್ಲಬ್ಬಿನ ಇತಿಹಾಸದಲ್ಲೇ ಅತ್ಯುತ್ತಮ ಆಟಗಾರ ಆಗಬಹುದು ಎಂಬ ಅರ್ಥದ ಮಾತಾಡಿದರು. ಎಂಥೆಂಥವರನ್ನು ಬೆಳೆಸಿದ ಕಣ್ಣು ಅದು! ಜೋನ್ಸ್ ಧೈರ್ಯಕ್ಕೆ ಎಣೆಯೇ ಇರಲಿಲ್ಲ. 2015ರಲ್ಲಿ ಆರ್ಸೆನಲ್ ಮೇಲಿನ ಮ್ಯಾಚಿನಲ್ಲಿ ಬಿದ್ದವನು ಏಳದೆ, ಹುಲ್ಲಿನ ಮೇಲೆ ತೆವಳಿಕೊಂಡು ಹೋಗಿ ಎದುರಿನ ಸ್ಟ್ರೈಕರ್ ಜಿರೂ ಕಾಲಿನ ಮುಂದಿದ್ದ ಚೆಂಡನ್ನು ತಲೆಯಿಂದ ತಳ್ಳಿದ. ಆ ವಿಡಿಯೋ ನೋಡದವರೇ ಇಲ್ಲ. ಆದರೆ ಮೈಯನ್ನು ಹಾಗೆ ಎಸೆದುಕೊಂಡೇ ಆಡುವ ಹುಡುಗನನ್ನು ಇವತ್ತು ಸ್ಟಾಪರ್, ನಾಳೆ ರೈಟ್ ಬ್ಯಾಕ್, ನಾಡಿದ್ದು ಮಿಡ್‌ಫೀಲ್ಡ್ ಅಂತ ಆಡಿಸಿದರು. ಗಾಯದ ಮೇಲೆ ಗಾಯ. 12 ವರ್ಷದಲ್ಲಿ ಯುನೈಟೆಡ್ ಪರ ಅವನಾಡಿದ್ದು 229 ಮ್ಯಾಚ್. 2023ರಲ್ಲಿ ಕ್ಲಬ್ ಬಿಟ್ಟ, ಮರುವರ್ಷ ಆಟದಿಂದಲೇ ನಿವೃತ್ತಿ ಹೇಳಿದ. ಅವನನ್ನು ನಗೆಪಾಟಲು ಮಾಡುವ ಚಾಳಿ ಇಂಟರ್‌ನೆಟ್‌ನಲ್ಲಿದೆ, ನನಗದು ಹಿಡಿಸುವುದಿಲ್ಲ. ಒಂದು ಪ್ರೀಮಿಯರ್ ಲೀಗ್ ಗೆದ್ದು, ಇಂಗ್ಲೆಂಡ್ ಪರ 27 ಮ್ಯಾಚ್ ಆಡಿದವನು. ನನ್ನ ತಕರಾರು ಅವನ ಮೇಲಲ್ಲ, ಅವನನ್ನು ಅಳೆದ ಮೊಳಕೋಲಿನ ಮೇಲೆ. ಫರ್ಗುಸನ್ ಅಂಥವರ ಕಣ್ಣಿಗೂ ಸಾಹಸ ಬೇಗ ಬಿತ್ತು.

ಸಲಿಬಾ ಕಡೆ ವಾಪಸ್ ಬರೋಣ. ಲೋನ್ ವರ್ಷ ಚೆನ್ನಾಗಿ ನಡೆಯಲಿಲ್ಲ. ಪಾದದ ಮೂಳೆ ಮುರಿಯಿತು, ಲೀಗ್‌ನಲ್ಲಿ ಆಡಿದ್ದು 12 ಮ್ಯಾಚ್ ಅಷ್ಟೆ. ಮಾರ್ಚ್‌ನಲ್ಲಿ ಕೋವಿಡ್ ಬಂದು ಸೀಸನ್ನೇ ನಿಂತಿತು. ಜುಲೈನಲ್ಲಿ ಫ್ರೆಂಚ್ ಕಪ್ ಫೈನಲ್ ಇತ್ತು, ಪ್ಯಾರಿಸ್ ಕ್ಲಬ್ ಪಿಎಸ್‌ಜಿ ಮೇಲೆ. ಅಷ್ಟರಲ್ಲಿ ಲೋನ್ ಅವಧಿ ಮುಗಿದಿತ್ತು, ಎರಡು ಕ್ಲಬ್ಬುಗಳು ದುಡ್ಡಿನ ಮಾತಲ್ಲಿ ಒಪ್ಪಂದಕ್ಕೆ ಬರಲಿಲ್ಲ, ಹುಡುಗ ಫೈನಲ್ ಆಡಲಿಲ್ಲ. ಲಂಡನ್‌ಗೆ ಬಂದರೆ ಅಲ್ಲಿ ಸೆಂಟರ್ ಬ್ಯಾಕ್‌ಗಳ ಸಂತೆ, ಇವನೂ ಸೇರಿ ಎಂಟು ಜನ. ಕೋಚ್ ಮಿಕೆಲ್ ಅರ್ಟೆಟಾ ಇವನನ್ನು ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್ ಪಟ್ಟಿಯಿಂದಲೇ ಬಿಟ್ಟರು. ಅದೇ ಸುಮಾರಿಗೆ ಹುಡುಗನ ತಾಯಿ ತೀರಿಹೋದರು. 19 ವರ್ಷ, ಹೊಸ ದೇಶ, ಹೊಸ ಭಾಷೆ, ಲಾಕ್‌ಡೌನ್. 2021ರ ಜನವರಿಯಲ್ಲಿ ನೀಸ್ ಕ್ಲಬ್ಬಿಗೆ ಲೋನ್. ಅದೇ ಬೇಸಿಗೆಯಲ್ಲಿ ಆರ್ಸೆನಲ್ 5 ಕೋಟಿ ಪೌಂಡ್ ಕೊಟ್ಟು ಬೆನ್ ವೈಟ್ ಎಂಬ ಇನ್ನೊಬ್ಬ ಸೆಂಟರ್ ಬ್ಯಾಕ್‌ನನ್ನು ತಂದಿತು. ಸಲಿಬಾ ಮೂರನೇ ಸಲ ಲೋನ್ ಮೇಲೆ ಹೊರಟ, ಮಾರ್ಸೆ ಕ್ಲಬ್ಬಿಗೆ.

ಆಗ ಆರ್ಸೆನಲ್ ಅಭಿಮಾನಿಗಳಲ್ಲಿ ಎರಡು ಪಂಗಡ. ಹುಡುಗ ಇನ್ನೂ ತಯಾರಾಗಿಲ್ಲ ಅನ್ನುವವರು, ಕೋಚ್‌ಗೆ ಕಣ್ಣಿಲ್ಲ ಅನ್ನುವವರು. ಮುಂದೆ ಅವನು ದೊಡ್ಡ ಆಟಗಾರನಾದ ಮೇಲೆ ಎರಡೂ ಪಂಗಡದವರು "ನೋಡಿ, ನಾವು ಹೇಳಿದ್ದೇ ಸರಿ" ಅಂದರು! ಕಳಿಸಿದ್ದರಿಂದಲೇ ಬೆಳೆದ ಅನ್ನಬಹುದು, ಕಳಿಸದಿದ್ದರೂ ಬೆಳೆಯುತ್ತಿದ್ದ ಅನ್ನಬಹುದು. ನನ್ನ ಅಭಿಪ್ರಾಯ ಕೇಳಿದರೆ, ಮಾರ್ಸೆಗೆ ಕಳಿಸಿದ್ದು ಸರಿ. ಅದಕ್ಕೂ ಮುಂಚಿನ 2020ರ ಆರು ತಿಂಗಳು ದಂಡ. ಆ ವಯಸ್ಸಿನ ಡಿಫೆಂಡರ್‌ಗೆ ಮ್ಯಾಚ್ ಬೇಕು. ಫಾರ್ವರ್ಡ್ ಆದವನು ಒಬ್ಬನೇ ಗೋಡೆಗೆ ಚೆಂಡು ಹೊಡೆದುಕೊಂಡಾದರೂ ಒಂದಿಷ್ಟು ಕಲಿತಾನು. ಡಿಫೆಂಡರ್ ಕಲಿಯುವುದು ತನಗಿಂತ ಜಾಣ ಎದುರಾಳಿ ತನ್ನನ್ನು ಯಾಮಾರಿಸಿದಾಗ.

ಮಾರ್ಸೆಯಲ್ಲಿ ಕೋಚ್ ಹೋರ್ಹೆ ಸಂಪಾವೋಲಿ. ಕೀಪರ್‌ನಿಂದಲೇ ಚೆಂಡನ್ನು ಪಾಸ್ ಮಾಡಿಕೊಂಡು ಮೇಲೆ ಬರಬೇಕು, ಸೆಂಟರ್ ಬ್ಯಾಕ್‌ಗಳು ಅರ್ಧ ಮೈದಾನದ ತನಕ ಮೇಲೇರಿ ನಿಲ್ಲಬೇಕು ಅನ್ನುವ ಆಟ. ಹಿಂದುಗಡೆ ಅಷ್ಟೂ ಖಾಲಿ. ಅಂಥ ಕಡೆ ಸಲಿಬಾ ಒಂದೇ ಸೀಸನ್‌ನಲ್ಲಿ 52 ಮ್ಯಾಚ್ ಆಡಿದ. ಮಾರ್ಸೆ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು, ವರ್ಷದ ಅತ್ಯುತ್ತಮ ಯುವ ಆಟಗಾರ ಪ್ರಶಸ್ತಿ ಇವನಿಗೆ ಬಂತು, 2022ರ ಮಾರ್ಚ್‌ನಲ್ಲಿ ಫ್ರಾನ್ಸ್ ತಂಡದಿಂದ ಕರೆಯೂ ಬಂತು. ಆ ವರ್ಷದ್ದು ಅಂತ ಎಲ್ಲರೂ ತೋರಿಸುವ ವಿಡಿಯೋ 2021ರ ಅಕ್ಟೋಬರ್‌ನದು. ಪಿಎಸ್‌ಜಿ ಮೇಲಿನ ಮ್ಯಾಚಿನಲ್ಲಿ ಗೋಲ್ ಕಡೆ ನುಗ್ಗುತ್ತಿದ್ದ ಎಂಬಾಪೆಯ ಕಾಲಿನಿಂದ ಸಲಿಬಾ ಚೆಂಡು ಕಿತ್ತ ಟ್ಯಾಕಲ್. ಒಂದೇ ಊರಿನ ಇಬ್ಬರು ಹುಡುಗರು! ಅದನ್ನು ನಾನೂ ಎಷ್ಟು ಸಲ ನೋಡಿದ್ದೇನೋ. ಆದರೂ ಬೆಳವಣಿಗೆಯ ಹಾಳೆಯಲ್ಲಿ ನಾನು ಆ ಟ್ಯಾಕಲ್ ಬರೆಯುವುದಿಲ್ಲ, 52 ಅಂತ ಬರೆಯುತ್ತೇನೆ. ಎರಡು ವರ್ಷ ಕಾಲು ಮುರಿದುಕೊಂಡು, ಬೆಂಚ್ ಕಾದು ಬಂದ ಹುಡುಗನನ್ನು ಒಬ್ಬ ಕೋಚ್ 52 ಸಲ ತಂಡದಲ್ಲಿ ಇಳಿಸಿದ. ಅಷ್ಟು ಸಲ ತನ್ನ ಕೆಲಸ ಪಣಕ್ಕಿಟ್ಟ ಕೋಚ್ ಕೊಟ್ಟ ಅಂಕ ಅದು.

ಇನ್ನು 2022ರ ಆಗಸ್ಟ್. ಕೊಂಡು ಮೂರು ವರ್ಷವಾದ ಮೇಲೆ ಆರ್ಸೆನಲ್ ಪರ ಮೊದಲ ಮ್ಯಾಚ್, ಕ್ರಿಸ್ಟಲ್ ಪ್ಯಾಲೆಸ್ ಮೇಲೆ. 2-0 ಗೆಲುವು. ಎರಡನೇ ಮ್ಯಾಚ್ ಲೆಸ್ಟರ್ ಮೇಲೆ, ಸ್ವಂತ ಮೈದಾನದಲ್ಲಿ ಮೊದಲ ಆಟ. 2-0 ಮುಂದಿದ್ದಾಗ ಒಂದು ಹೆಡ್ಡರ್ ತಪ್ಪಿ ತನ್ನದೇ ಗೋಲಿಗೆ ಹಾಕಿದ. ಓನ್ ಗೋಲ್. ಆಗ ಒಂದು ವಿಚಿತ್ರ ನಡೆಯಿತು. ಬೈಯಬೇಕಾದ ಜನ ಅವನ ಹೆಸರಿನ ಹಾಡು ಶುರು ಮಾಡಿದರು. ಆರ್ಸೆನಲ್ 4-2ರಿಂದ ಗೆದ್ದಿತು. ಅದರ ಮುಂದಿನ ವಾರ ಬೋರ್ನ್‌ಮತ್ ಮೇಲೆ ಎಡಗಾಲಲ್ಲಿ ಬಾಗಿಸಿ ಹೊಡೆದು ಒಂದು ಗೋಲನ್ನೂ ಗಳಿಸಿದ.

ನನಗೆ ಆ ಗೋಲಿಗಿಂತ ಓನ್ ಗೋಲಿನ ನಂತರದ ಹತ್ತು ನಿಮಿಷ ಮುಖ್ಯ. ಹೋಗಿ ಆ ಭಾಗ ನೋಡಿ. ತಪ್ಪು ಮಾಡಿದ ಸ್ಟಾಪರ್ ಎರಡು ಥರ ಕೆಡುತ್ತಾನೆ. ಒಂದು, ಚೆಂಡು ಬಂದರೆ ಸಾಕು, ಎತ್ತಿ ಗ್ಯಾಲರಿಗೆ ಹೊಡೆಯುತ್ತಾನೆ. ಇನ್ನೊಂದು, ತಪ್ಪು ತೀರಿಸಿಬಿಡಬೇಕು ಅಂತ ಜಾಗ ಬಿಟ್ಟು ಮುಂದೆ ನುಗ್ಗುತ್ತಾನೆ. ಸಲಿಬಾ ಎರಡನ್ನೂ ಮಾಡಲಿಲ್ಲ. ಮುಂಚೆ ಹೇಗಿದ್ದನೋ ಹಾಗೇ ಇದ್ದ, ಮುಂಚೆ ಎಲ್ಲಿಗೆ ಪಾಸ್ ಕೊಡುತ್ತಿದ್ದನೋ ಅಲ್ಲಿಗೇ ಕೊಟ್ಟ. ಆವತ್ತಿನಿಂದ ನಾನು ನನ್ನ ಹುಡುಗರ ತಪ್ಪುಗಳನ್ನು ಬರೆದುಕೊಳ್ಳುವ ಕ್ರಮ ಬದಲಾಯಿಸಿದೆ. ತಪ್ಪಿಗೆ ಒಂದು ಗೆರೆ, ಅದಾದ ಮೇಲಿನ ಹತ್ತು ನಿಮಿಷಕ್ಕೆ ಐದು ಗೆರೆ.

ಈಗ ಸ್ವಲ್ಪ ಲೆಕ್ಕ. 2023ರ ಮಾರ್ಚ್ 16, ಯುರೋಪಾ ಲೀಗ್, ಸ್ಪೋರ್ಟಿಂಗ್ ಲಿಸ್ಬನ್ ಮೇಲಿನ ಮ್ಯಾಚ್. ಬೆನ್ನು ನೋವು ಅಂತ ಸಲಿಬಾ ಅರ್ಧ ಗಂಟೆಯೊಳಗೆ ಹೊರಗೆ ಬಂದ. ಆ ಸೀಸನ್‌ನಲ್ಲಿ ಮತ್ತೆ ಆಡಲಿಲ್ಲ. ಅಲ್ಲಿಯವರೆಗೆ ಆರ್ಸೆನಲ್ ಲೀಗ್‌ನಲ್ಲಿ 27 ಮ್ಯಾಚ್ ಆಡಿತ್ತು, ಎಲ್ಲದರಲ್ಲೂ ಅವನಿದ್ದ. ಬಿಟ್ಟುಕೊಟ್ಟ ಗೋಲ್ 25. ಅವನಿಲ್ಲದ ಉಳಿದ 11 ಮ್ಯಾಚಿನಲ್ಲಿ ಬಿಟ್ಟುಕೊಟ್ಟಿದ್ದು 18. ಮ್ಯಾಚಿಗೆ ಒಂದಕ್ಕಿಂತ ಕಡಿಮೆ ಇದ್ದದ್ದು ಒಂದೂವರೆ ದಾಟಿತು. ಲಿವರ್‌ಪೂಲ್ ಮೇಲೆ 2-0 ಮುಂದಿದ್ದು ಡ್ರಾ, ವೆಸ್ಟ್ ಹ್ಯಾಮ್ ಮೇಲೂ 2-0 ಮುಂದಿದ್ದು ಡ್ರಾ, ಪಟ್ಟಿಯಲ್ಲಿ ಕಟ್ಟಕಡೆಯಲ್ಲಿದ್ದ ಸೌತಾಂಪ್ಟನ್ ಮೇಲೆ 3-3. ತಿಂಗಳುಗಟ್ಟಲೆ ಮೊದಲ ಸ್ಥಾನದಲ್ಲಿದ್ದ ತಂಡ ಕೊನೆಗೆ ಎರಡನೆಯದಾಯಿತು.

ಇಷ್ಟು ಹೇಳಿ "ನೋಡಿ, ಸಲಿಬಾ ಇಲ್ಲದ್ದಕ್ಕೇ ಸೋತರು" ಅಂತ ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ತಡೆಯಿರಿ. ಅದೇ ಮ್ಯಾಚಿನಲ್ಲಿ ಟೊಮಿಯಾಸು ಎಂಬ ಇನ್ನೊಬ್ಬ ಡಿಫೆಂಡರ್ ಕೂಡ ಗಾಯಗೊಂಡ. ಆ 11ರಲ್ಲಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ ಇದ್ದವು, ಅವನಿದ್ದಿದ್ದರೂ ಗೋಲ್ ಬೀಳಬಹುದಿತ್ತು. ಸೌತಾಂಪ್ಟನ್ ಮ್ಯಾಚಿನ ಮೊದಲ ಗೋಲು ಕೀಪರ್ ಕೊಟ್ಟ ಕೆಟ್ಟ ಪಾಸಿನಿಂದ ಬಂದದ್ದು. ಹಾಗಾಗಿ ಅಂಕಿಯನ್ನು ಪೂರ್ತಿ ನಂಬಬೇಡಿ. ಆಟ ನೋಡಿ. ಅವನ ಜಾಗಕ್ಕೆ ಹೆಚ್ಚಾಗಿ ಬಂದವರು ರಾಬ್ ಹೋಲ್ಡಿಂಗ್. ಪ್ರಾಮಾಣಿಕ ಆಟಗಾರ, ಹೆಡ್ಡರ್‌ನಲ್ಲಿ ಗಟ್ಟಿಗ. ಆದರೆ ಓಟ ಕಡಿಮೆ ಇದ್ದದ್ದರಿಂದ ಹಿಂದಿನ ಸಾಲು ಪೂರ್ತಿ ಕೆಳಗಿಳಿದು ನಿಂತಿತು. ಸ್ಟಾಪರ್ ಕೆಳಗಿಳಿದರೆ ಮಿಡ್‌ಫೀಲ್ಡ್‌ನವರು ಕೆಳಗಿಳಿಯಬೇಕು, ಅವರಿಳಿದರೆ ಮುಂದಿನವರು ಒಂಟಿ. ಒಬ್ಬ ಹೊರಗೆ ಹೋಗಿದ್ದಕ್ಕೆ ಹತ್ತು ಜನರ ವಿಳಾಸ ಬದಲಾಯಿತು. ಆ ಹುಡುಗ ಏನು ಮಾಡುತ್ತಿದ್ದ ಅಂತ ನನಗೆ ನಿಜವಾಗಿ ಕಂಡದ್ದು ಅವನಿಲ್ಲದಾಗ. ಮನೆಯಲ್ಲಿ ಅಮ್ಮ ಎರಡು ದಿನ ಊರಿಗೆ ಹೋದರೆ ಗೊತ್ತಾಗುತ್ತದಲ್ವಾ, ಹಾಗೆ.

ಇದನ್ನು ನಿಮ್ಮ ಮೈದಾನದಲ್ಲೂ ಮಾಡಬಹುದು, ದುಡ್ಡು ಖರ್ಚಿಲ್ಲ. ಪ್ರಾಕ್ಟೀಸ್ ಮ್ಯಾಚಿನಲ್ಲಿ 20 ನಿಮಿಷ ಆ ಹುಡುಗನನ್ನು ಹೊರಗೆ ಕೂರಿಸಿ. ಅವನನ್ನು ಬಿಡಿ, ಅವನ ಪಕ್ಕದಲ್ಲಿ ಆಡುತ್ತಿದ್ದವನನ್ನು ನೋಡಿ. ಪಕ್ಕದವನ ಆಟ ಕೆಟ್ಟರೆ ಈ ಹುಡುಗ ಒಳಗಿದ್ದಾಗ ಇಬ್ಬರ ಕೆಲಸ ಮಾಡುತ್ತಿದ್ದ ಅಂತ ಅರ್ಥ.

2023-24ರಲ್ಲಿ ಸಲಿಬಾ ಲೀಗ್‌ನ 38 ಮ್ಯಾಚುಗಳ ಪ್ರತಿ ನಿಮಿಷವೂ ಆಡಿದ. 3420 ನಿಮಿಷ. ಪಕ್ಕದಲ್ಲಿ ಬ್ರೆಜಿಲ್‌ನ ಗೇಬ್ರಿಯೆಲ್. ಆರ್ಸೆನಲ್ ಬಿಟ್ಟುಕೊಟ್ಟದ್ದು 29 ಗೋಲ್. ಪ್ರಶಸ್ತಿ ಮಾತ್ರ ಎರಡು ಪಾಯಿಂಟ್‌ನಲ್ಲಿ ತಪ್ಪಿತು, ಅದು ಬೇರೆ ಸಂಕಟ. ಇಲ್ಲಿಗೆ ಹುಡುಗ ಬೆಳೆದು ನಿಂತ, ಕಥೆ ಮುಗಿಯಿತು ಅಂದುಕೊಳ್ಳುತ್ತೀರಿ. ಇಲ್ಲ.

2024ರ ಅಕ್ಟೋಬರ್ 19, ಬೋರ್ನ್‌ಮತ್. ಆಟ 30ನೇ ನಿಮಿಷದಲ್ಲಿದೆ, ಸ್ಕೋರ್ 0-0. ಆರ್ಸೆನಲ್‌ನ ಟ್ರೊಸಾರ್ ಹಿಂದಕ್ಕೆ ಕೊಟ್ಟ ಪಾಸ್ ಕೆಟ್ಟದಾಗಿ ಬಂತು, ಬೋರ್ನ್‌ಮತ್‌ನ ಎವಾನಿಲ್ಸನ್ ಅದರ ಬೆನ್ನು ಹತ್ತಿದ. ಸಲಿಬಾ ಅವನನ್ನು ಎಳೆದು ಬೀಳಿಸಿದ, ಗೋಲ್‌ನಿಂದ ಬಹಳ ದೂರದಲ್ಲೇ. ಮೊದಲು ಹಳದಿ, ವಿಡಿಯೋ ನೋಡಿದ ಮೇಲೆ ಕೆಂಪು ಕಾರ್ಡ್. ಒಂದು ಗಂಟೆ ಹತ್ತೇ ಜನ ಆಡಿ 0-2ರಿಂದ ಸೋತರು, ಮುಂದಿನ ಲಿವರ್‌ಪೂಲ್ ಮ್ಯಾಚಿಗೂ ಅವನಿಲ್ಲ.

ಇದನ್ನು ನಮ್ಮ ಹುಡುಗರಿಗೆ ತೋರಿಸಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದೆ. 15 ಜನರಲ್ಲಿ 12 ಜನ "ಬೀಳಿಸ್ತಿದ್ದೆ ಸಾರ್" ಅಂದರು. ತಂಡಕ್ಕಾಗಿ ಬಲಿಯಾಗುವುದು ಅಂದರೆ ನಮಗೆ ಬಲು ಇಷ್ಟ. ನನ್ನ ಲೆಕ್ಕ ಬೇರೆ. ಎವಾನಿಲ್ಸನ್‌ನನ್ನು ಹೋಗಲು ಬಿಡಬೇಕಿತ್ತು. ಅವನು ಅಷ್ಟು ದೂರ ಚೆಂಡಿನ ಜೊತೆ ಓಡಬೇಕು, ಕೀಪರ್‌ನನ್ನು ದಾಟಬೇಕು. ಹಾಕಿದರೂ 0-1, ಮುಂದೆ 60 ನಿಮಿಷ ಇದೆ, 11 ಜನ ಇದ್ದಾರೆ. ಅದೇ 88ನೇ ನಿಮಿಷವಾಗಿದ್ದರೆ, ನಾವು 1-0 ಮುಂದಿದ್ದರೆ, ಆಗ ಬೀಳಿಸು ಅನ್ನುತ್ತೇನೆ. ಕೆಲವರು ಒಪ್ಪದಿರಬಹುದು, ಮಾತಿನ ನಂತರ ಜಗಳ ಆಡೋಣ. ನಾನು ಹೇಳುವುದಿಷ್ಟು. ಗಡಿಯಾರ, ಸ್ಕೋರು, ದೂರ, ಈ ಮೂರನ್ನೂ ಒಂದೇ ಕ್ಷಣದಲ್ಲಿ ತೂಗುವುದು ಡಿಫೆಂಡರ್ ಕಲಿಯುವ ಕೊನೆಯ ಪಾಠಗಳಲ್ಲೊಂದು. 23 ವರ್ಷದ, ಯುರೋಪಿನ ಅತ್ಯುತ್ತಮರಲ್ಲೊಬ್ಬ ಅನ್ನಿಸಿಕೊಂಡವನೇ ಅಲ್ಲಿ ಎಡವಿದ. ನಿಮ್ಮ 14ರ ಹುಡುಗ ಎಡವಿದರೆ ಆಕಾಶ ಬೀಳುವುದಿಲ್ಲ.

2025ರ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮೈದಾನದಲ್ಲಿ ಇನ್ನೊಂದು. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಸಾಕಾ ಗೋಲಿನಿಂದ ಆರ್ಸೆನಲ್ ಆಗಷ್ಟೇ ಮುಂದೆ ಹೋಗಿತ್ತು. ಎರಡೇ ನಿಮಿಷಕ್ಕೆ ಸಲಿಬಾ ತನ್ನ ಗೋಲಿನ ಮುಂದೆ ಚೆಂಡು ಇಟ್ಟುಕೊಂಡು ಯೋಚನೆ ಮಾಡುತ್ತ ನಿಂತ. ವಿನಿಸಿಯಸ್ ಬಂದು ಕಸಿದು ಖಾಲಿ ಗೋಲಿಗೆ ಹಾಕಿದ. ನೆನಪಿದೆಯಾ, 17ರಲ್ಲಿ ನೋಡಿದ ಆ ಆತುರ ಇಲ್ಲದ ಗುಣ? ಅದೇ ಗುಣ, ಇಲ್ಲಿ ಅದಕ್ಕೆ ದಂಡ ಬಿತ್ತು. ಒಬ್ಬನ ಬಲ ಮತ್ತು ದೌರ್ಬಲ್ಯ ಎರಡು ಬೇರೆ ಬೇರೆ ಕಾಲಂಗಳಲ್ಲಿ ಇರುತ್ತವೆ ಅಂತ ನಾವು ಹಾಳೆ ಮಾಡಿಸಿದ್ದೇವೆ. ಎಷ್ಟೋ ಸಲ ಎರಡೂ ಒಂದೇ. ಆ ಗುಣವನ್ನು ಕಿತ್ತು ಹಾಕಲು ಹೋದರೆ ಆಟಗಾರನೇ ಹೋಗುತ್ತಾನೆ. ಅಂದಹಾಗೆ, ಮ್ಯಾಡ್ರಿಡ್‌ನಲ್ಲಿ ಆ ತಪ್ಪಿನ ನಂತರವೂ ಅವನು ಮುಂಚಿನ ಹಾಗೇ ಆಡಿದ. ಆರ್ಸೆನಲ್ 2-1ರಿಂದ ಗೆದ್ದಿತು.

ಈಗ ನಮ್ಮ ಕಡೆಯ ಮಾತು, ಬೇಗ ಮುಗಿಸುತ್ತೇನೆ, ಹಿಂದೆ ಕಾಫಿ ಬಂದಿರುವುದು ವಾಸನೆಯಲ್ಲೇ ಗೊತ್ತಾಗುತ್ತಿದೆ.

ನಾವು ಸ್ಟಾಪರ್ ಆರಿಸುವುದು ಹೇಗೆ? 13 ವರ್ಷಕ್ಕೆ ಯಾರು ಉದ್ದ ಇದ್ದಾನೋ ಅವನೇ. ಆ ವಯಸ್ಸಲ್ಲಿ ಉದ್ದ ಅನ್ನುವುದು ಬೇಗ ಬಂದ ಮಳೆ ಇದ್ದ ಹಾಗೆ, ಬೆಳೆ ಹೇಗೆ ಅಂತ ಅದು ಹೇಳುವುದಿಲ್ಲ. ಯುರೋಪಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುವುದನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಎಂಟು ಹತ್ತು ತಿಂಗಳು ದೊಡ್ಡವನಾದ ಹುಡುಗ ಪ್ರತಿಭಾವಂತನ ಹಾಗೆ ಕಾಣುತ್ತಾನೆ. ಅದಕ್ಕೇ ಇಂಗ್ಲೆಂಡಿನಲ್ಲಿ ಕೆಲವೊಮ್ಮೆ ವಯಸ್ಸು ಬಿಟ್ಟು, ಮೈ ಎಷ್ಟು ಬೆಳೆದಿದೆ ಅಂತ ನೋಡಿ ಗುಂಪು ಮಾಡಿ ಆಡಿಸುತ್ತಾರೆ. ನಮ್ಮಲ್ಲಿ ಹುಟ್ಟಿದ ತಿಂಗಳು ಹೋಗಲಿ, ಹುಟ್ಟಿದ ವರ್ಷವೇ ನಿಜವಾ ಅಂತ ಮಣಿಕಟ್ಟಿನ ಎಕ್ಸ್‌ರೇ ತೆಗೆದು ನೋಡುವ ಪರಿಸ್ಥಿತಿ. (ನಗಬೇಡಿ, ನಮ್ಮ ನಡುವೆಯೇ ಇದ್ದಾರೆ.) ಬೇಗ ಉದ್ದವಾದ ಹುಡುಗನಿಗೆ 13ರಲ್ಲಿ ಎಲ್ಲ ಹೆಡ್ಡರೂ ಸಿಗುತ್ತದೆ, ಜಾಗ ನೋಡಿ ನಿಲ್ಲುವುದನ್ನು ಕಲಿಯುವ ಅಗತ್ಯವೇ ಬೀಳುವುದಿಲ್ಲ. 16ಕ್ಕೆ ಉಳಿದವರು ಅವನ ಸಮಕ್ಕೆ ಬಂದಾಗ ಪಾಪ, ಅವನ ಬಳಿ ಏನೂ ಇರುವುದಿಲ್ಲ.

ಇನ್ನೊಂದು, ನಾವು ಡಿಫೆಂಡರ್‌ನನ್ನು ಮೆಚ್ಚುವಾಗಲೂ ಅವನ ಆಕ್ರಮಣವನ್ನೇ ಮೆಚ್ಚುತ್ತೇವೆ. ನಮ್ಮ ಬೆಂಗಳೂರು ಎಫ್‌ಸಿಯ ರೋಷನ್ ಸಿಂಗ್‌ಗೆ 2021-22ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಬಂತು. ಮುಂದೆ, ಅಂಚಿನಲ್ಲಿ ಆಡುವ ವಿಂಗರ್ ಆಗಿದ್ದವನನ್ನು ಡಿಫೆಂಡರ್ ಮಾಡಿದ್ದರು, ಪ್ರಶಸ್ತಿಗೆ ಅರ್ಹನೇ. ಆದರೆ ಕಂಠೀರವದ ಸ್ಟ್ಯಾಂಡ್‌ನಲ್ಲಿ ಕೂರುವ ಯಾರನ್ನಾದರೂ ಅವನ ಬಗ್ಗೆ ಕೇಳಿ. ಕಾರ್ನರ್, ಫ್ರೀ ಕಿಕ್, ಕ್ರಾಸ್ ಅನ್ನುತ್ತಾರೆ. ಎದುರಿನ ವಿಂಗರ್‌ನನ್ನು ಅವನು ಹೇಗೆ ತಡೆದ ಅಂತ ಹೇಳುವವರು ಕಡಿಮೆ.

ನಾನೀಗ ಏನು ಮಾಡುತ್ತೇನೆ ಅಂದರೆ, ಒಂದು ನೋಟ್‌ಬುಕ್. ಒಂದು ಮ್ಯಾಚಿಗೆ ಒಬ್ಬನೇ ಹುಡುಗ, ಹತ್ತು ಹತ್ತು ನಿಮಿಷ. ಚೆಂಡು ಅವನ ಕಡೆ ಇಲ್ಲದಾಗ ಎಷ್ಟು ಸಲ ಭುಜದ ಮೇಲಿಂದ ಹಿಂದೆ ತಿರುಗಿ ನೋಡಿದ ಅಂತ ಎಣಿಸುತ್ತೇನೆ. ನಾರ್ವೆಯ ಗೇರ್ ಯೋರ್ಡೆಟ್ ಎಂಬ ಪ್ರೊಫೆಸರ್ ದೊಡ್ಡ ಆಟಗಾರರ ಈ ತಿರುಗಿ ನೋಡುವ ಅಭ್ಯಾಸವನ್ನೇ ವರ್ಷಗಟ್ಟಲೆ ಎಣಿಸಿದವರು. ಅವರ ಬಳಿ ಕ್ಯಾಮೆರಾ ಇದೆ, ನನ್ನ ಬಳಿ ಪೆನ್ಸಿಲ್. ಆ ಮೂರು ಹಾಳೆಯ ಹುಡುಗ ಮೊದಲ ದಿನ ಹತ್ತು ನಿಮಿಷದಲ್ಲಿ ನಾಲ್ಕು ಸಲ ತಿರುಗಿದ್ದ. ಆರು ತಿಂಗಳ ಮೇಲೆ 31. ಟ್ಯಾಕಲ್ ಸಂಖ್ಯೆ ಅರ್ಧಕ್ಕಿಳಿದಿತ್ತು. ನಾಲ್ಕನೇ ವರ್ಷದ ಹಾಳೆಯಲ್ಲಿ ಈ ಎರಡು ಅಂಕಿ ಬರೆದು ಕೊಟ್ಟೆ. ಅವನ ತಂದೆ ಓದಿ, "ಟ್ಯಾಕಲ್ ಕಡಿಮೆ ಆಗಿದೆಯಲ್ಲ ಸಾರ್, ಸೋಮಾರಿ ಆಗಿದ್ದಾನಾ?" ಅಂದರು. ಕೂರಿಸಿ ಅರ್ಧ ಗಂಟೆ ವಿವರಿಸಿದೆ.

ನನ್ನ ಮಾತು ಮುಗಿಯಿತು, ಪ್ರಶ್ನೆ ಇದ್ದರೆ ಕೇಳಿ.

(ಮೂರನೇ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. ಅವರ ಮಗ ಸ್ಟಾಪರ್. "ಸಾರ್, ನನಗೆ ಆಟ ಅಷ್ಟು ಗೊತ್ತಾಗಲ್ಲ. ಪ್ರತಿ ಭಾನುವಾರ ಬರ್ತೀನಿ. ಎಲ್ಲಿ ಕೂತು ಏನು ನೋಡಲಿ?" ಅಂತ ಕೇಳಿದರು.)

ಒಳ್ಳೆಯ ಪ್ರಶ್ನೆ ಅಮ್ಮ. ಸೈಡ್‌ಲೈನ್ ಪಕ್ಕ ಕೂರಬೇಡಿ, ಅಲ್ಲಿ ಕೂತರೆ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ನಿಮ್ಮ ಮಗನ ಗೋಲ್ ಪೋಸ್ಟ್ ಹಿಂದೆ ಹೋಗಿ ನಿಲ್ಲಿ. ಚೆಂಡು ಆ ತುದಿಯಲ್ಲಿ ಇದ್ದಾಗ ಎಲ್ಲರೂ ಅತ್ತ ನೋಡುತ್ತಿರುತ್ತಾರೆ, ನೀವು ಮಗನನ್ನು ನೋಡಿ. ಆಗ ಅವನು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾನಾ, ಪಕ್ಕದವನಿಗೆ ಏನಾದರೂ ಕೂಗಿ ಹೇಳುತ್ತಿದ್ದಾನಾ, ಎದುರಿನ ಸ್ಟ್ರೈಕರ್ ಎಲ್ಲಿದ್ದಾನೆ ಅಂತ ಹುಡುಕುತ್ತಿದ್ದಾನಾ, ಇಷ್ಟು ನೋಡಿ ಸಾಕು.

("ಗೋಲ್ ಹಿಂದೆ ನೆರಳೇ ಇಲ್ಲ ಸಾರ್," ಅಂದರು ಅವರು. ಛತ್ರಿ ತನ್ನಿ ಅಂದೆ. ಮುಂದಿನ ಭಾನುವಾರ ನಮ್ಮ ಮೈದಾನದಲ್ಲಿ ಗೋಲ್ ಪೋಸ್ಟ್ ಹಿಂದೆ ಮೂರು ಛತ್ರಿ ಇದ್ದವು.)